ಹಾವೆಯಾದಲ್ಲಿ ವಿಲ್ಲಾ: ಮೂರು ಸಂಸಾರ, ಒಂದೇ ಅಡುಗೆಮನೆ

ಮ್ಯೂನಿಕ್‌ನ ನಮ್ಮ ಕನ್ನಡದವರ ಬಳಗದಲ್ಲಿ ಈ ವಿಷಯಕ್ಕೆ ನನಗೆ ಸಿಕ್ಕಷ್ಟು ಬುದ್ಧಿಮಾತು ಬೇರೆ ಯಾವುದಕ್ಕೂ ಸಿಕ್ಕಿಲ್ಲ. ಮೂರು ಸಂಸಾರ, ಜೊತೆಗೆ ಊರಿಂದ ಬಂದ ಅತ್ತೆ ಮಾವ, ಎಲ್ಲರೂ ಸ್ಪೇನ್‌ನ ಕಡಲ ದಂಡೆಯಲ್ಲಿ ಒಂದೇ ಮನೆ ಹಿಡಿದು ಒಂದು ವಾರ ಇರುವುದು. "ಮೂರನೇ ದಿನಕ್ಕೆ ಜಗಳ ಆಗುತ್ತೆ, ಬರೆದಿಟ್ಕೊಳ್ಳಿ" ಎಂದರು. "ಹೋಟೆಲ್ ತಗೊಳ್ಳಿ, ಸುಮ್ನೆ ಯಾಕೆ ತಲೆನೋವು" ಎಂದರು. ಮುಖ ನೋಡದವರಿಗೆ ಮುಂಗಡ ಕಳಿಸಿದರೆ ದುಡ್ಡು ಹೋದ ಹಾಗೇ ಎಂದವರೂ ಇದ್ದರು. ಈಗ ಅದೇ ಜನ ಫೋನ್ ಮಾಡಿ ಯಾವ ಮನೆ, ಯಾವ ಏಜೆನ್ಸಿ, ಎಷ್ಟು ಬಿತ್ತು ಎಂದು ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಅದನ್ನೇ ಹೇಳಿ ಸಾಕಾಗಿದೆ. ಬರೆದೇ ಇಡುತ್ತೇನೆ. ಮನೆಯ ಹೆಸರು, ಏಜೆನ್ಸಿಯ ಹೆಸರು ಮಾತ್ರ ಕೇಳಬೇಡಿ. ಸೆಪ್ಟೆಂಬರ್‌ನಲ್ಲಿ ಆ ಮನೆ ನಮಗೇ ಬೇಕು.

ಸ್ಪೇನ್‌ನ ಪೂರ್ವ ಕರಾವಳಿಯ ಕೋಸ್ಟಾ ಬ್ಲಾಂಕಾ ನಿಮ್ಮಲ್ಲಿ ಬಹಳ ಜನ ನೋಡಿದ್ದೀರಿ. ಬೆನಿಡೋರ್ಮ್‌ನ ಗಗನಚುಂಬಿ ಕಟ್ಟಡಗಳ ಸಾಲು ಬೇಡ ಅನ್ನುವವರಿಗೆ ಅಲ್ಲಿನ ಹಾವೆಯಾ ಊರು ಸರಿ. ಊರಿನವರು ತಮ್ಮ ವಲೆನ್ಸಿಯನ್ ಭಾಷೆಯಲ್ಲಿ ಶಾಬಿಯಾ ಅನ್ನುತ್ತಾರೆ, ರಸ್ತೆ ಬೋರ್ಡ್‌ಗಳಲ್ಲಿ ಎರಡೂ ಕಾಣುತ್ತವೆ. ಒಂದು ಕಡೆ ಸಾಂತ್ ಆಂತೋನಿ ಭೂಶಿರ, ಇನ್ನೊಂದು ಕಡೆ ನಾವ್ ಭೂಶಿರ, ನಡುವೆ ಕೊಲ್ಲಿ. ಹಿಂದೆ 753 ಮೀಟರ್ ಎತ್ತರದ ಮೊಂಟ್ಗೋ ಬೆಟ್ಟ. ಹಳೇ ಊರು ಒಳಗೆ, ಬಂದರು ಒಂದು ಕಡೆ, ಮರಳಿನ ಅರೆನಾಲ್ ದಂಡೆ ಇನ್ನೊಂದು ಕಡೆ. ಆಲಿಕಾಂಟೆ, ವಲೆನ್ಸಿಯಾ ಎರಡೂ ವಿಮಾನ ನಿಲ್ದಾಣದಿಂದ ನೂರು ಕಿಲೋಮೀಟರ್ ಆಸುಪಾಸು. ಹಾಗಾಗಿ ಯಾವ ಊರಿಗೆ ಟಿಕೆಟ್ ಅಗ್ಗವೋ ಅಲ್ಲಿಗೆ ಇಳಿಯಬಹುದು. ಎಪಿ-7 ಹೆದ್ದಾರಿಯಲ್ಲಿ ಈ ಭಾಗಕ್ಕೆ 2020ರ ಜನವರಿ 1ರಿಂದ ಟೋಲ್ ಇಲ್ಲ. ಹಳೇ ಲೆಕ್ಕ ಇಟ್ಟುಕೊಂಡವರು ಈಗಲೂ ಟೋಲ್‌ಗೆ ಹೆದರಿ ಊರೊಳಗಿನ ರಸ್ತೆ ಹಿಡಿಯುತ್ತಾರೆ. ಬೇಕಿಲ್ಲ.

ಮೊದಲು ದಿನಾಂಕದ ವಿಷಯ. ದುಡ್ಡು ಉಳಿಯುವುದು ಅಲ್ಲೇ. ಬವೇರಿಯಾದಲ್ಲಿ ಬೇಸಿಗೆ ರಜೆ ಆಗಸ್ಟ್ ಮೊದಲಿಗೆ ಶುರುವಾಗಿ ಸೆಪ್ಟೆಂಬರ್ ಎರಡನೇ ವಾರದವರೆಗೆ ಹೋಗುತ್ತದೆ. ಬಾಡೆನ್-ವ್ಯೂರ್ಟೆಂಬರ್ಗ್‌ನವರಿಗೂ ಹೆಚ್ಚುಕಮ್ಮಿ ಹಾಗೇ. ಉತ್ತರ ಜರ್ಮನಿ, ಹಾಲೆಂಡ್, ಇಂಗ್ಲೆಂಡಿನ ಮಕ್ಕಳು ಅಷ್ಟು ಹೊತ್ತಿಗೆ ಶಾಲೆಗೆ ಮರಳಿರುತ್ತಾರೆ, ಅಥವಾ ಆ ವಾರದಲ್ಲೇ ಮರಳುತ್ತಾರೆ. ಸ್ಪೇನ್‌ನ ಮನೆಮಂದಿ ಆಗಸ್ಟ್ 31ಕ್ಕೆ ಗಂಟುಮೂಟೆ ಕಟ್ಟುತ್ತಾರೆ. ಅಂದರೆ ಸೆಪ್ಟೆಂಬರ್ ಮೊದಲ ಶನಿವಾರದಿಂದ ಒಂದು ವಾರ, ನಮ್ಮಂಥ ಬವೇರಿಯಾದವರಿಗೆ ಮಾತ್ರ ಇಟ್ಟಂತೆ ಇರುತ್ತದೆ. ಸಮುದ್ರದ ನೀರು ಬಿಸಿ ಇನ್ನೂ ಆರಿರುವುದಿಲ್ಲ, 25 ಡಿಗ್ರಿ ಆಸುಪಾಸು. ಜೂನ್‌ಗಿಂತ ಬೆಚ್ಚಗೆ. ನಾವು ಹಿಡಿಯುವ ಆರು ಕೋಣೆಯ ಮನೆಗೆ ಆಗಸ್ಟ್ ನಡುವಿನಲ್ಲಿ ವಾರಕ್ಕೆ 5,000 ಯೂರೋ ಹತ್ತಿರ ಹೇಳಿದ್ದರು. ಸೆಪ್ಟೆಂಬರ್ ಮೊದಲ ವಾರಕ್ಕೆ ಸುಮಾರು 3,000. ಅದೇ ಮನೆ, ಅದೇ ಈಜುಕೊಳ, ಜನ ಮಾತ್ರ ಅರ್ಧ.

ಇನ್ನೂ ತಡ ಮಾಡಿ ಅಕ್ಟೋಬರ್‌ಗೆ ಹೋದರೆ ಇನ್ನೂ ಅಗ್ಗ ಅಲ್ವಾ ಎಂದು ಕೇಳುತ್ತಾರೆ. ಅಗ್ಗವೇನೋ ಹೌದು. ಆದರೆ ಆ ಕರಾವಳಿಯಲ್ಲಿ ಬೇಸಿಗೆ ಮುಗಿಯುವಾಗ ಬರುವ ಮಳೆ ನಮ್ಮ ಮುಂಗಾರಿನ ಹಾಗಲ್ಲ. ತಿಂಗಳುಗಟ್ಟಲೆ ಸುರಿಯುವುದಿಲ್ಲ, ಕೆಲವೇ ಗಂಟೆಗಳಲ್ಲಿ ಎಲ್ಲ ಸುರಿದುಬಿಡುತ್ತದೆ. 2019ರ ಸೆಪ್ಟೆಂಬರ್ ಎರಡನೇ ವಾರ ಒರಿಹುವೆಲಾ ಕಡೆ ಊರೇ ಮುಳುಗಿತ್ತು. 2024ರ ಅಕ್ಟೋಬರ್ 29ರಂದು ವಲೆನ್ಸಿಯಾ ಸುತ್ತ ಆದದ್ದು ಎಲ್ಲರಿಗೂ ನೆನಪಿದೆ, ಇನ್ನೂರಕ್ಕೂ ಹೆಚ್ಚು ಜನ ಹೋದರು. ಹಾಗಾಗಿ ನಾನು ಸೆಪ್ಟೆಂಬರ್ ಮೊದಲ ವಾರ ಬಿಟ್ಟು ಮುಂದೆ ಹೋಗುವುದಿಲ್ಲ. ಮನೆ ನೋಡುವಾಗಲೂ ನಕ್ಷೆ ದೊಡ್ಡದು ಮಾಡಿ ಒಣ ಹಳ್ಳದ ಗೆರೆ ಎಲ್ಲಿದೆ ಎಂದು ನೋಡುತ್ತೇನೆ. ಹಾವೆಯಾದ ಗೋರ್ಗೋಸ್ ನದಿ ವರ್ಷದ ಬಹುಪಾಲು ಬರೀ ಕಲ್ಲು. ಮಕ್ಕಳು ಅದನ್ನು ರಸ್ತೆ ಅಂದುಕೊಳ್ಳುತ್ತಾರೆ. ಅಂಥ ಹಳ್ಳಕ್ಕೆ ಅಂಟಿಕೊಂಡ ಮನೆ ಎಷ್ಟೇ ಚೆನ್ನಾಗಿದ್ದರೂ ಬೇಡ.

ಈಗ ಮನೆ. ಎಲ್ಲರೂ ಮೊದಲು ಕೇಳುವುದು ಕಿಟಕಿಯಿಂದ ಸಮುದ್ರ ಕಾಣುತ್ತಾ ಎಂದು. ಮೊದಲ ಸಲ ನಮ್ಮ ಜೊತೆ ಬಂದವರ ಹಟವೂ ಅದೇ ಆಗಿತ್ತು. ಬಾಲ್ಕೋನ್ ಆಲ್ ಮಾರ್ ಕಡೆ ಗುಡ್ಡದ ಮೇಲೆ ಒಂದು ಬೆಳ್ಳಗಿನ ಮನೆ ಹಿಡಿದೆವು. ಚಿತ್ರದಲ್ಲಿ ನೋಡಿದರೆ ಕಣ್ಣು ಕೀಳಲಾಗುತ್ತಿರಲಿಲ್ಲ. ಸಂಜೆ ಒಂದು ಕಡೆ ಇಂಡಕ್ಷನ್ ಒಲೆಯಲ್ಲಿ ಸಾಂಬಾರು, ಇನ್ನೊಂದರಲ್ಲಿ ಅನ್ನ, ಮೇಲೆ ಎರಡು ಕೋಣೆಯಲ್ಲಿ ಎಸಿ, ಯಾರೋ ಬಟ್ಟೆ ಒಗೆಯುವ ಮಷಿನ್ ಹಾಕಿದರು. ಟಪ್ ಎಂದು ಇಡೀ ಮನೆ ಕತ್ತಲು. ಮೇನ್ ಸ್ವಿಚ್ ಆರಿಸಿ ಸ್ವಲ್ಪ ಹೊತ್ತು ಬಿಟ್ಟು ಹಾಕಿದರೆ ಬರುತ್ತದೆ, ಒಲೆ ಹಚ್ಚಿದರೆ ಮತ್ತೆ ಹೋಗುತ್ತದೆ. ವಾರವಿಡೀ ಅದೇ ಕಥೆ. ಮಾವನವರು ಕತ್ತಲಲ್ಲಿ ಮೆಟ್ಟಿಲು ಇಳಿಯಲು ಹೆದರಿ ರಾತ್ರಿ ಎಂಟಕ್ಕೇ ಮಲಗುತ್ತಿದ್ದರು.

ಕಾರಣ ಸರಳ. ಸ್ಪೇನ್‌ನಲ್ಲಿ ಪ್ರತಿ ಮನೆಗೂ ಕರೆಂಟ್ ಕಂಪನಿ ಜೊತೆ ಇಷ್ಟೇ ಕಿಲೋವ್ಯಾಟ್ ಎಂದು ಒಪ್ಪಂದ ಇರುತ್ತದೆ. ಜಾಸ್ತಿ ತೆಗೆದುಕೊಂಡರೆ ತಿಂಗಳ ಕಟ್ಟುವ ದುಡ್ಡೂ ಜಾಸ್ತಿ. ವರ್ಷದಲ್ಲಿ ಎರಡು ತಿಂಗಳು ಮಾತ್ರ ಬಾಡಿಗೆಗೆ ಕೊಡುವ ಮಾಲೀಕರು ಅದನ್ನು 4.6ಕ್ಕೋ 5.75ಕ್ಕೋ ಇಟ್ಟುಬಿಡುತ್ತಾರೆ. ಇಬ್ಬರು ಡಚ್ಚರು ಬಂದು ಸಲಾಡ್ ತಿಂದು ಹೋಗುವ ಮನೆಗೆ ಅದು ಸಾಕು. ಹನ್ನೆರಡು ಜನಕ್ಕೆ ಎರಡು ಹೊತ್ತು ಬಿಸಿ ಅಡುಗೆ ಮಾಡುವ ನಮಗೆ ಸಾಲದು. ಆಮೇಲಿಂದ ನಾನು ಏಜೆನ್ಸಿಗೆ ಬರೆಯುವ ಮೊದಲ ಪ್ರಶ್ನೆಯೇ ಒಪ್ಪಂದದ ಕಿಲೋವ್ಯಾಟ್ ಎಷ್ಟು ಎಂಬುದು. ಕರೆಂಟ್ ಬಿಲ್ಲಿನ ಮೊದಲ ಪುಟದಲ್ಲೇ ಇರುತ್ತದೆ. 9.2 ಇದ್ದರೆ ಮುಂದಿನ ಮಾತು. ಅಥವಾ ಒಲೆ ಗ್ಯಾಸಿನದ್ದಾಗಿರಬೇಕು. ಹಳೇ ವಿಲ್ಲಾಗಳಲ್ಲಿ ಇನ್ನೂ ಕಿತ್ತಳೆ ಬಣ್ಣದ 12.5 ಕಿಲೋ ಸಿಲಿಂಡರ್ ಇರುತ್ತದೆ. ಅಂಥ ಮನೆ ಸಿಕ್ಕಿದರೆ ನಾನು ಸಮುದ್ರ ಕಾಣದಿದ್ದರೂ ಸರಿ ಎನ್ನುತ್ತೇನೆ. ಈಗ ನಾವು ಹೋಗುವ ಮನೆಯಿಂದ ಸಮುದ್ರ ಕಾಣುವುದಿಲ್ಲ. ಪೈನ್ ಮರಗಳು ಕಾಣುತ್ತವೆ. ಅರೆನಾಲ್ ದಂಡೆಗೆ ಕಾರಲ್ಲಿ ಐದಾರು ನಿಮಿಷ. ಗ್ಯಾಸ್ ಒಲೆಗೆ ನಾಲ್ಕು ಬರ್ನರ್, ಒಂದು ಸ್ಪೇರ್ ಸಿಲಿಂಡರ್ ಹಿಂದಿನ ಗೂಡಿನಲ್ಲಿ. ವಾರಕ್ಕೆ ಒಂದು ಪೂರ್ತಿ ಖಾಲಿಯಾಗುವುದಿಲ್ಲ.

ಇನ್ನೊಂದು ವರ್ಷದ ಮನೆಯಲ್ಲಿ ಕರೆಂಟ್ ಚೆನ್ನಾಗಿತ್ತು, ಆದರೆ ಚರಂಡಿ ಇರಲಿಲ್ಲ. ಗುಡ್ಡದ ಮೇಲಿನ ಎಷ್ಟೋ ಮನೆಗಳಿಗೆ ಈಗಲೂ ಸೆಪ್ಟಿಕ್ ಟ್ಯಾಂಕ್. ಅದು ತುಂಬಿದ್ದು ನಮಗೆ ಗೊತ್ತಾದದ್ದು ನಾಲ್ಕನೇ ದಿನ, ಕೆಳಗಿನ ಬಚ್ಚಲಲ್ಲಿ ನೀರು ಮೇಲೆ ಬಂದಾಗ. ಹಿಂದಿನ ಬಾಡಿಗೆದಾರರು ಇದ್ದಾಗಲೇ ತುಂಬಿರಬೇಕು. ಟ್ಯಾಂಕ್ ಖಾಲಿ ಮಾಡುವ ಲಾರಿಯ ಖರ್ಚು 200 ಯೂರೋ ಚಿಲ್ಲರೆ ನಮ್ಮ ಡೆಪಾಸಿಟ್‌ನಿಂದ ಹಿಡಿಯಲು ನೋಡಿದರು. ನಾನು ಬಿಡಲಿಲ್ಲ. ವಾರಗಟ್ಟಲೆ ಮೇಲ್ ಬರೆದು ವಾಪಸ್ ತೆಗೆದುಕೊಂಡೆ. ಈಗ ಕೇಳುವ ಎರಡನೇ ಪ್ರಶ್ನೆ ಇದು: ಊರಿನ ಚರಂಡಿಗೆ ಸೇರಿದೆಯಾ, ಟ್ಯಾಂಕಾ, ಟ್ಯಾಂಕ್ ಆದರೆ ಕೊನೆಗೆ ಖಾಲಿ ಮಾಡಿದ್ದು ಯಾವಾಗ? ಉತ್ತರ ಕೊಡದ ಏಜೆನ್ಸಿಯನ್ನು ಅಲ್ಲಿಗೇ ಬಿಡುತ್ತೇನೆ.

ಮುಂಗಡದ ಭಯದ ಬಗ್ಗೆ ಹೇಳಿದೆನಲ್ಲ. ಅದು ಸುಳ್ಳಲ್ಲ. ನಮ್ಮ ಪರಿಚಯದ ಒಂದು ಕುಟುಂಬ ಚಂದದ ಜಾಹೀರಾತು ನೋಡಿ, ಬೇರೆ ದೇಶದ ಬ್ಯಾಂಕ್ ಖಾತೆಗೆ 1,400 ಯೂರೋ ಕಳಿಸಿ, ಆ ಮನೆ ಬಾಡಿಗೆಗೇ ಇಲ್ಲವೆಂದು ಅಲ್ಲಿ ಹೋದ ಮೇಲೆ ತಿಳಿದುಕೊಂಡರು. ಆಲಿಕಾಂಟೆ ಜಿಲ್ಲೆಯಲ್ಲಿ ಪ್ರವಾಸಿಗರಿಗೆ ಕೊಡುವ ಪ್ರತಿ ಮನೆಗೂ ವಿಟಿ ಎಂದು ಶುರುವಾಗಿ ಎ ಎಂದು ಮುಗಿಯುವ ಲೈಸೆನ್ಸ್ ನಂಬರ್ ಇರಬೇಕು. ಅದನ್ನು ಆಲಿಕಾಂಟೆಯೂ ಸೇರಿದ ವಲೆನ್ಸಿಯಾ ಪ್ರದೇಶದ ಸರ್ಕಾರದ ಪ್ರವಾಸೋದ್ಯಮ ಪಟ್ಟಿಯಲ್ಲಿ ಹುಡುಕಿ ನೋಡಬಹುದು. ನಂಬರ್ ಇದ್ದರೆ ಸಾಲದು, ವಿಳಾಸವೂ ತಾಳೆ ಆಗಬೇಕು. ನಮ್ಮ ಪರಿಚಯದವರಿಗೆ ಸಿಕ್ಕಿದ್ದು ಬೇರೆ ಮನೆಯ ನಂಬರ್. ಎಷ್ಟು ಜನಕ್ಕೆ ಅನುಮತಿ ಎಂಬುದನ್ನೂ ಬರವಣಿಗೆಯಲ್ಲಿ ಕೇಳಿ. ಹನ್ನೆರಡಕ್ಕೆ ಇದ್ದ ಮನೆಗೆ ಹದಿನೈದು ಜನ ನುಗ್ಗಿದರೆ ಹೊರಗೆ ಹಾಕುವ ಹಕ್ಕು ಅವರಿಗಿದೆ.

ಎರಡು ವಾರ ಇರಬೇಕು ಅನ್ನುವವರು ಗಮನಿಸಿ. 2024ರ ಆಗಸ್ಟ್‌ನಲ್ಲಿ ವಲೆನ್ಸಿಯಾ ಸರ್ಕಾರ ನಿಯಮ ಬದಲಿಸಿತು. ಒಬ್ಬರಿಗೆ ಒಟ್ಟಿಗೆ ಹತ್ತು ದಿನದೊಳಗೆ ಕೊಟ್ಟರೆ ಮಾತ್ರ ಅದು ಪ್ರವಾಸಿ ಮನೆ. ಹನ್ನೊಂದನೇ ದಿನಕ್ಕೆ ಅದು ಬೇರೆ ಬಗೆಯ ಬಾಡಿಗೆ ಕರಾರು ಆಗುತ್ತದೆ. ಕೆಲವು ಏಜೆನ್ಸಿಗಳು ಅದನ್ನು ಸಲೀಸಾಗಿ ಮಾಡಿಕೊಡುತ್ತವೆ, ಕೆಲವು ಬೇಡವೇ ಬೇಡ ಎನ್ನುತ್ತವೆ. ನಮಗೆ ವಾರ ಸಾಕು, ಆ ಗೊಡವೆಗೆ ಹೋಗಿಲ್ಲ. 2024ರ ಡಿಸೆಂಬರ್ 2ರಿಂದ ಇನ್ನೊಂದು ಕೆಲಸ ಸೇರಿಕೊಂಡಿದೆ. ಬರುವವರೆಲ್ಲರ ಪಾಸ್‌ಪೋರ್ಟ್ ವಿವರ, ಮನೆ ವಿಳಾಸ, ಫೋನ್, ಹಣ ಹೇಗೆ ಕಟ್ಟಿದ್ದು, ಮಕ್ಕಳಿಗೂ ದೊಡ್ಡವರಿಗೂ ಏನು ಸಂಬಂಧ, ಎಲ್ಲ ಅಲ್ಲಿನ ಗೃಹ ಇಲಾಖೆಗೆ ಹೋಗಬೇಕು. ಹನ್ನೆರಡು ಜನರದ್ದು ತುಂಬಲು ಒಂದು ಸಂಜೆ ಬೇಕು. ನಾನು ಒಂದು ಹಾಳೆಯಲ್ಲಿ ಎಲ್ಲರದ್ದನ್ನೂ ಮೊದಲೇ ಬರೆದು ಇಟ್ಟಿದ್ದೇನೆ. ಅತ್ತೆ ಮಾವನ ಪಾಸ್‌ಪೋರ್ಟ್‌ನಲ್ಲಿ ಹೆಸರು ಒಂದು ಥರ, ವೀಸಾದಲ್ಲಿ ಒಂದು ಥರ ಇರುತ್ತದಲ್ಲ, ಇನಿಷಿಯಲ್ ಬಿಡಿಸಿ ಬರೆದದ್ದು, ಅದನ್ನು ಪಾಸ್‌ಪೋರ್ಟ್‌ನಲ್ಲಿ ಇದ್ದ ಹಾಗೇ ಹಾಕಿ. ಜರ್ಮನಿಯವರು ಕೊಟ್ಟ ಷೆಂಗೆನ್ ವೀಸಾ ಸ್ಪೇನ್‌ಗೂ ನಡೆಯುತ್ತದೆ. ಹೆಚ್ಚು ದಿನ ಜರ್ಮನಿಯಲ್ಲೇ ಇರುತ್ತಾರೆ ಎಂಬುದು ಅರ್ಜಿಯಲ್ಲಿ ಸ್ಪಷ್ಟವಿರಲಿ, ಅಷ್ಟೇ.

ಇನ್ನು ಜಗಳದ ವಿಷಯ. ಜಗಳ ಆಗುವುದು ಅಡುಗೆಮನೆಯಲ್ಲಿ ಅಲ್ಲ, ಲೆಕ್ಕದಲ್ಲಿ. ಮೂರು ಸಂಸಾರ ಅಂದರೆ ಮೂರು ಪಾಲು ಎಂದು ಸುಲಭಕ್ಕೆ ಹೇಳುತ್ತೇವೆ. ನಮ್ಮದು ಅತ್ತೆ ಮಾವ ಸೇರಿ ಆರು ಜನ. ಇನ್ನೊಂದು ಸಂಸಾರ ನಾಲ್ಕು. ಮೂರನೆಯದು ಹೊಸದಾಗಿ ಮದುವೆಯಾದ ಇಬ್ಬರು. ಮೂರು ಪಾಲಾದರೆ ಆ ಇಬ್ಬರು ಒಂದು ಕೋಣೆಗೆ 1,000 ಯೂರೋ ಕೊಡಬೇಕು. ತಲೆ ಲೆಕ್ಕ ಹಾಕಿದರೆ ಅವರು 500 ಕೊಟ್ಟು ಮನೆಯ ಅತಿ ದೊಡ್ಡ ಕೋಣೆಯಲ್ಲಿ ಇರುತ್ತಾರೆ, ಬಂಕ್ ಮಂಚದಲ್ಲಿ ಮಲಗುವ ಮಗುವಿಗೂ ದೊಡ್ಡವರಷ್ಟೇ ದುಡ್ಡು. ಎರಡೂ ಸರಿಯಲ್ಲ. ಒಳಗೊಳಗೇ ಕುದಿಯುತ್ತಾರೆ, ಬಾಯಿಬಿಡುವುದಿಲ್ಲ.

ನಾನು ಕೋಣೆಗೆ ಅಂಕ ಇಟ್ಟೆ. ಬಚ್ಚಲು ಸೇರಿದ ದೊಡ್ಡ ಕೋಣೆಗೆ 4, ಸಾಧಾರಣ ಕೋಣೆಗೆ 3, ಮಕ್ಕಳ ಬಂಕ್ ಕೋಣೆಗೆ 2. ನಮ್ಮ ಮನೆಯಲ್ಲಿ ಎರಡೆರಡು ಇವೆ, ಒಟ್ಟು 18. ಬಾಡಿಗೆ 3,000 ಆದರೆ ಒಂದು ಅಂಕಕ್ಕೆ 167 ಹತ್ತಿರ. ಕೆಳಗಿನ ದೊಡ್ಡ ಕೋಣೆ ಅತ್ತೆ ಮಾವನಿಗೆ, ಮೆಟ್ಟಿಲು ಇಲ್ಲ. ಅದರ ದುಡ್ಡು ನಮ್ಮದು. ಹೊಸ ಜೋಡಿ ಮೇಲಿನ ದೊಡ್ಡ ಕೋಣೆ ತೆಗೆದುಕೊಂಡು 670 ಹತ್ತಿರ ಕೊಟ್ಟರು. ನಾಲ್ಕು ಜನದ ಸಂಸಾರಕ್ಕೆ 830 ಚಿಲ್ಲರೆ. ನಮಗೆ 1,500. ಯಾರಿಗೂ ಹೊಟ್ಟೆಯಲ್ಲಿ ಉಳಿಯಲಿಲ್ಲ. ಮುಖ್ಯ ಏನೆಂದರೆ ಅಂಕ ಹಾಕಿದ್ದು ಕೋಣೆ ಆರಿಸುವ ಮೊದಲು. ಆರಿಸಿದ ಮೇಲೆ ಹಾಕಲು ಹೋದರೆ ಎಲ್ಲರಿಗೂ ತಮ್ಮ ಕೋಣೆ ಸಣ್ಣದಾಗಿ ಕಾಣುತ್ತದೆ.

ಊಟದ ಖರ್ಚು ಮಾತ್ರ ತಲೆ ಲೆಕ್ಕ. ದೊಡ್ಡವರು ಒಂದು, ಮಕ್ಕಳು ಅರ್ಧ, ಅತ್ತೆ ಮಾವನಿಗೆ ಲೆಕ್ಕವೇ ಇಲ್ಲ. ಇದಕ್ಕೆ ಉಳಿದವರೇ ಹಟ ಹಿಡಿದರು, "ಅಮ್ಮನ ಕೈರುಚಿಗೆ ನಾವೇ ಕೊಡಬೇಕು" ಎಂದು. ಹೊರಡುವ ಮೊದಲೇ ತಲೆಗೆ 80 ಯೂರೋದಂತೆ ಒಂದು ಕಡೆ ಹಾಕಿಸಿದೆ. ಅಂಗಡಿಗೆ ಹೋದವರು ಆ ಕಾರ್ಡ್‌ನಿಂದಲೇ ಕಟ್ಟುವುದು. "ನಾನು ಕೊಟ್ಟೆ, ಆಮೇಲೆ ನೋಡೋಣ" ಎಂಬ ಮಾತಿಗೆ ಜಾಗವೇ ಇಲ್ಲ. ಹೊರಗಿನ ಊಟ, ದೋಣಿ ಸವಾರಿ ಅವರವರದ್ದು.

ಅಡುಗೆಗೆ ಸರದಿ ಹಾಕಿಲ್ಲ. ಸರದಿ ಹಾಕಿದ ವರ್ಷವೇ ಗೊಣಗಾಟ ಜಾಸ್ತಿ ಆಗಿತ್ತು. ಮಧ್ಯಾಹ್ನದ ಊಟ ಒಬ್ಬರ ಕೈಯಲ್ಲಿ ವಾರವಿಡೀ ಇರಲಿ, ಪಾತ್ರೆ ಮತ್ತು ಅಂಗಡಿ ಕೆಲಸ ಉಳಿದವರು ಹಂಚಿಕೊಳ್ಳಲಿ. ಅತ್ತೆಯವರಿಗೆ ಒಲೆ ಮುಂದೆ ಬೇರೆಯವರು ಬಂದರೆ ಆಗುವುದಿಲ್ಲ. ಗಂಡಸರು ಪಾತ್ರೆ ಉಜ್ಜಿದರು. ಮಾವನವರು ಬೆಳಗ್ಗೆ ಎಲ್ಲರಿಗಿಂತ ಮುಂಚೆ ಎದ್ದು ಫಿಲ್ಟರ್ ಕಾಫಿ ಹಾಕಿಡುತ್ತಿದ್ದರು. ಕಾಫಿ ಪುಡಿ, ಫಿಲ್ಟರ್, ಸಾರಿನ ಪುಡಿ, ಹುಣಸೆಹಣ್ಣು, ಒಣಗಿಸಿದ ಕರಿಬೇವು, ಐದು ಲೀಟರ್ ಕುಕ್ಕರ್ ಇಷ್ಟು ಮ್ಯೂನಿಕ್‌ನಿಂದ ಬರುತ್ತವೆ. ಉಳಿದದ್ದು ಅಲ್ಲೇ. ತರಕಾರಿಗೆ ಗುರುವಾರದ ಸಂತೆ. ಹಳೇ ಊರಿನ ಚೌಕದಲ್ಲಿ ಸೇರುತ್ತದೆ. ಸೆಪ್ಟೆಂಬರ್‌ನಲ್ಲಿ ಅಂಜೂರ, ಮೊಸ್ಕಾತೆಲ್ ದ್ರಾಕ್ಷಿ, ಬದನೆ, ಒಳ್ಳೇ ಟೊಮ್ಯಾಟೊ. ಮಧ್ಯಾಹ್ನ ಒಂದೂವರೆ ಹೊತ್ತಿಗೆ ಹೋದರೆ ಅಂಗಡಿ ಕಟ್ಟುವ ಅವಸರದಲ್ಲಿ ಎರಡು ಕಿಲೋ ದರಕ್ಕೆ ಮೂರು ಕಿಲೋ ತುಂಬಿಕೊಡುತ್ತಾರೆ.

ಅಕ್ಕಿಯ ಬಗ್ಗೆ ಒಂದು ಮಾತು. ವಲೆನ್ಸಿಯಾ ಅಂದರೆ ಬೊಂಬಾ ಅಕ್ಕಿ ಎಂದು ಎಲ್ಲರೂ ದುಬಾರಿ ಪೊಟ್ಟಣ ಹೊರುತ್ತಾರೆ. ಪಯೇಯಾ ಎಂಬ ಅಲ್ಲಿನ ಅನ್ನದ ಅಡುಗೆಗೆ ಅದು ಸರಿ. ಎಷ್ಟು ನೀರು ಕುಡಿದರೂ ಕಾಳು ಒಡೆಯುವುದಿಲ್ಲ. ಆದರೆ ಬಿಸಿಬೇಳೆಬಾತಿಗೆ ಕಾಳು ಕರಗಬೇಕಲ್ಲ! ಕುಕ್ಕರ್ ಎಷ್ಟು ಸಲ ಕೂಗಿದರೂ ಅನ್ನ ಬೇರೆ, ಬೇಳೆ ಬೇರೆ ನಿಂತಿತ್ತು. ಸೂಪರ್‌ಮಾರ್ಕೆಟ್‌ನ ಅಗ್ಗದ ಗುಂಡು ಅಕ್ಕಿ ತಂದ ಮೇಲೆ ಸರಿಹೋಯಿತು. ಮೊಸರನ್ನಕ್ಕಂತೂ ಅದರಷ್ಟು ಒಳ್ಳೇ ಅಕ್ಕಿ ಜರ್ಮನಿಯಲ್ಲೂ ನನಗೆ ಸಿಕ್ಕಿಲ್ಲ. ದೋಸೆ ಹಿಟ್ಟು ಅಲ್ಲಿ ರಾತ್ರಿ ರುಬ್ಬಿಟ್ಟರೆ ಬೆಳಗ್ಗೆ ಉಕ್ಕಿರುತ್ತದೆ. ಮ್ಯೂನಿಕ್‌ನಲ್ಲಿ ಓವನ್‌ನೊಳಗೆ ದೀಪ ಹಾಕಿ ಕಾಯುವವರಿಗೆ ಇದು ಎಂಥ ಸುಖ ಎಂದು ಹೇಳಬೇಕಾಗಿಲ್ಲ.

ನಾಲ್ಕು ಜನದ ಸಂಸಾರ ಉಡುಪಿ ಕಡೆಯವರು, ಮೀನಿಲ್ಲದೆ ಆಗುವುದಿಲ್ಲ. ವಾರದ ದಿನ ಸಂಜೆ ಐದರ ಹೊತ್ತಿಗೆ ಹಾವೆಯಾ ಬಂದರಿಗೆ ದೋಣಿಗಳು ಬರುತ್ತವೆ. ಅವರು ಬೂತಾಯಿ, ಬಂಗುಡೆ ತಂದು ಹಿತ್ತಲಲ್ಲಿ ಬೇರೆ ಒಲೆ ಇಟ್ಟು ಮಾಡಿಕೊಂಡರು. ಅತ್ತೆಯವರು ಒಳಗೆ, ಅವರು ಹೊರಗೆ. ಇದನ್ನೂ ಮೊದಲೇ ಮಾತಾಡಿಕೊಂಡಿದ್ದೆವು. ಹೊರಗಿನ ಅಡುಗೆಮನೆ ಇರುವ ವಿಲ್ಲಾ ಅಲ್ಲಿ ಬೇಕಾದಷ್ಟು. ನಮ್ಮಂಥ ಮಿಶ್ರ ಗುಂಪಿಗೆ ಅದು ಇರಲೇಬೇಕು. ಇದ್ದಿಲ ಒಲೆ ಮಾತ್ರ ಕೇಳದೆ ಹಚ್ಚಬೇಡಿ. 2016ರ ಸೆಪ್ಟೆಂಬರ್ ಮೊದಲ ವಾರದಲ್ಲೇ ಹಾವೆಯಾದ ಗ್ರಾನಾದೆಯಾ ಕಾಡಿಗೆ ಬೆಂಕಿ ಬಿದ್ದು ಎಷ್ಟೋ ಮನೆ ಖಾಲಿ ಮಾಡಿಸಿದ್ದರು. ಬೆಂಕಿಯ ಅಪಾಯ ಹೆಚ್ಚಿರುವ ದಿನ ಕಾಡಿನ ಅಂಚಿನ ಮನೆಗಳಲ್ಲಿ ಇದ್ದಿಲು ಹಚ್ಚುವ ಹಾಗಿಲ್ಲ.

ಅರಿಶಿನ! ಇದರಿಂದಲೇ ಹೆಚ್ಚು ಡೆಪಾಸಿಟ್ ಹೋಗುವುದು. ಹೊಸ ವಿಲ್ಲಾಗಳಲ್ಲಿ ಅಡುಗೆಕಟ್ಟೆ ಹಾಲಿನಂಥ ಬಿಳಿ. ಒಬ್ಬ ಮಾಲೀಕರು ಅಂಗೈಯಗಲದ ಹಳದಿ ಕಲೆಗೆ 300 ಯೂರೋ ಕೇಳಿದರು. ಈಗ ಮನೆಗೆ ಕಾಲಿಟ್ಟ ತಕ್ಷಣ ನಾನು ಮಾಡುವ ಮೊದಲ ಕೆಲಸ, ಟೇಬಲ್ ಮೇಲೆ ಹಾಸುವ ಪ್ಲಾಸ್ಟಿಕ್ ಹಾಳೆಯನ್ನು ಕಟ್ಟೆಗೆಲ್ಲ ಹಾಸಿ ಅಂಟಿಸುವುದು. ಅಲ್ಲಿನ ಅಗ್ಗದ ಅಂಗಡಿಗಳಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಬಿಳಿ ಟವೆಲಿಗೆ, ಮೇಜಿನ ಬಟ್ಟೆಗೆ ಕಲೆ ಆದರೆ ಸೋಪು ಹಾಕಿ ಒಗೆದು ಬಿಸಿಲಿಗೆ ಹಾಕಿ. ಅರಿಶಿನದ ಬಣ್ಣ ಬಿಸಿಲಿಗೆ ನಿಲ್ಲುವುದಿಲ್ಲ. ಆ ಬಿಸಿಲಲ್ಲಿ ಒಂದೆರಡು ದಿನಕ್ಕೆ ಕಲೆ ಹುಡುಕಿದರೂ ಸಿಗುವುದಿಲ್ಲ. ಕಟ್ಟೆಯ ಮೇಲೆ ಆದ ಕಲೆಗೆ ನನ್ನ ಹತ್ತಿರ ಬೇರೆ ಮದ್ದಿದೆ, ಅದು ನನಗೇ ಇರಲಿ.

ಬಿಸಿಲಿನ ಮಾತು ಬಂತು. ಅತ್ತೆಯವರು ಆ ಟೆರೇಸ್ ನೋಡಿದ್ದೇ ತಡ, "ಇಷ್ಟು ಬಿಸಿಲು ಸುಮ್ನೆ ಹೋಗ್ತಿದೆಯಲ್ಲೇ, ಸಂಡಿಗೆ ಹಾಕೋಣ" ಎಂದರು. ಹಾಕಿದೆವು. ಮೊದಲ ಸಲ ಕೆಟ್ಟಿತು. ಕಡಲ ಕಡೆಯಿಂದ ಬೀಸುವ ಲೆವಾಂತೆ ಗಾಳಿ ಒದ್ದೆ. ಬಿಸಿಲು ಎಷ್ಟಿದ್ದರೂ ಸಂಡಿಗೆ ಮೇಲೆ ಒಣಗಿ ಒಳಗೆ ಹಸಿ ಉಳಿದು, ಮರುದಿನಕ್ಕೆ ಹುಳಿ ವಾಸನೆ. ಈಜುಕೊಳ ನೋಡಿಕೊಳ್ಳಲು ಬರುವ ಅಜ್ಜ ನಮ್ಮ ತಟ್ಟೆಗಳನ್ನು ನೋಡಿ ತುಂಬಾ ಖುಷಿಪಟ್ಟರು. ಆ ಸೀಮೆಯೇ ಒಣದ್ರಾಕ್ಷಿಯ ಸೀಮೆ. ಹತ್ತೊಂಬತ್ತನೇ ಶತಮಾನದಲ್ಲಿ ಹಾವೆಯಾ, ದೇನಿಯಾದಿಂದ ಇಂಗ್ಲೆಂಡಿಗೆ ಹಡಗುಗಟ್ಟಲೆ ಹೋಗುತ್ತಿತ್ತು. ಮೊಸ್ಕಾತೆಲ್ ದ್ರಾಕ್ಷಿಯನ್ನು ಕುದಿಯುವ ನೀರಲ್ಲಿ ಒಮ್ಮೆ ಅದ್ದಿ, ಜೊಂಡಿನ ತಟ್ಟಿಯ ಮೇಲೆ ಹರಡಿ ಒಣಗಿಸುತ್ತಿದ್ದರು. ರಾತ್ರಿ ಮತ್ತು ಮಳೆ ಬಂದಾಗ ಒಳಗೆಳೆದು ಇಡಲು ಕಮಾನುಗಳ ಉದ್ದನೆ ಪಡಸಾಲೆ, ಅದಕ್ಕೆ ರಿಯುರಾವು ಎನ್ನುತ್ತಾರೆ. ಆಮೇಲೆ ಬಳ್ಳಿಯ ಬೇರು ತಿನ್ನುವ ಹುಳ ಬಂದು ತೋಟಗಳು ಹೋದವು, ಪಡಸಾಲೆಗಳು ಉಳಿದಿವೆ. ಅಜ್ಜ ಕೈಸನ್ನೆಯಲ್ಲೇ ಹೇಳಿದರು, ಗಾಳಿ ತಿರುಗಿ ಬೆಟ್ಟದ ಕಡೆಯಿಂದ ಬೀಸಲಿ, ಸಂಜೆ ಇಬ್ಬನಿಗೆ ಮೊದಲು ಒಳಗಿಡಿ ಎಂದು. ಬೆಟ್ಟದ ಕಡೆಯ ಆ ಒಣಗಾಳಿ, ಪೊನಿಯೆಂತೆ, ಬೀಸಿದ ದಿನ ಹಾಕಿದ ಸಂಡಿಗೆ ಸಂಜೆಯೊಳಗೆ ಗರಿಗರಿ. ಅಲ್ಲಿ ಸಿಗುವ, ಹೆಚ್ಚಾಗಿ ಖಾರವಿಲ್ಲದ ಪಾದ್ರೋನ್ ಮೆಣಸಿನಕಾಯಿ ಸೀಳಿ, ಉಪ್ಪು ಮೊಸರಲ್ಲಿ ನೆನೆಸಿ ಬಾಳಕವನ್ನೂ ಮಾಡಿದೆವು. ನಾಲ್ಕೈದು ದಿನ ಬೇಕಾಯಿತು. ಮಕ್ಕಳು ಕೂಡ ಮೊಸರನ್ನಕ್ಕೆ ನಂಚಿಕೊಂಡು ತಿನ್ನುವ ಬಾಳಕ ಅದು. ಒಂದು ಕಿಲೋ ಹತ್ತಿರ ಸಂಡಿಗೆ ಮ್ಯೂನಿಕ್‌ಗೆ ತಂದೆವು.

ಕಾರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂಬತ್ತು ಸೀಟಿನ ವ್ಯಾನ್‌ಗಿಂತ ಸಾಧಾರಣ ಕಾರು ಮೂರು ಒಳ್ಳೆಯದು. ಗುಡ್ಡದ ಮನೆಗಳ ಗೇಟು, ಏರು, ತಿರುವು ನೋಡಿದರೆ ಗೊತ್ತಾಗುತ್ತದೆ. ಓಡಿಸುವವರ ಹೆಸರಲ್ಲೇ ನಿಜವಾದ ಕ್ರೆಡಿಟ್ ಕಾರ್ಡ್ ಇರಬೇಕು. ಜರ್ಮನ್ ಬ್ಯಾಂಕುಗಳು ಕೊಡುವ ಡೆಬಿಟ್ ಕಾರ್ಡ್‌ಗಳನ್ನು ಕೌಂಟರ್‌ನಲ್ಲಿ ಬೇಡ ಎಂದುಬಿಟ್ಟು, ದುಬಾರಿ ವಿಮೆ ತಲೆಗೆ ಕಟ್ಟುತ್ತಾರೆ. ಗ್ರಾನಾದೆಯಾ ಕೊಲ್ಲಿಗೆ ಹೋಗುವುದಾದರೆ ಬೆಳಗ್ಗೆ ಒಂಬತ್ತರೊಳಗೆ ಹೋಗಿ. ಬೇಸಿಗೆಯಲ್ಲಿ ನಿಲ್ಲಿಸುವ ಜಾಗ ತುಂಬಿದರೆ ಕಾರುಗಳನ್ನು ಕೆಳಗೆ ಬಿಡುವುದಿಲ್ಲ. ಅಲ್ಲಿ ಮರಳಿಲ್ಲ, ಉರುಟು ಕಲ್ಲು. ಅತ್ತೆ ಮಾವನಿಗೆ ಅರೆನಾಲ್ ಒಳ್ಳೆಯದು, ದಂಡೆಯುದ್ದಕ್ಕೂ ಕೂರಲು ಜಾಗ ಇದೆ. ಮಾವನವರು ಪ್ರತಿ ಸಂಜೆ ಪಂಚೆ ಉಟ್ಟು ಅಲ್ಲೇ ಓಡಾಡಿದರು.

ಬಾಡಿಗೆ ಕಡಿಮೆ ಮಾಡಿಸುವ ಬಗ್ಗೆ ಎಲ್ಲರೂ ಕೇಳುತ್ತಾರೆ. ದೊಡ್ಡ ವೆಬ್‌ಸೈಟ್‌ನಲ್ಲಿ ಮನೆ ನೋಡಿ, ಅದನ್ನು ನೋಡಿಕೊಳ್ಳುವ ಊರಿನ ಏಜೆನ್ಸಿ ಹುಡುಕಿ ನೇರ ಬರೆಯಿರಿ. ಅಷ್ಟರಲ್ಲೇ ನೂರಕ್ಕೆ ಹತ್ತು ಹನ್ನೆರಡು ಉಳಿಯುತ್ತದೆ. ನವೆಂಬರ್‌ನಲ್ಲಿ ಬರೆಯಿರಿ, ಆಗ ಮಾಲೀಕರು ಮುಂದಿನ ವರ್ಷದ ಚಿಂತೆಯಲ್ಲಿರುತ್ತಾರೆ. ಹೋದ ವರ್ಷದ ಮನೆ ಎಷ್ಟು ಚೊಕ್ಕಟವಾಗಿ ಬಿಟ್ಟೆವು ಎಂದು ಹಿಂದಿನ ಏಜೆನ್ಸಿಯಿಂದ ಎರಡು ಸಾಲು ಬರೆಸಿಕೊಂಡು ಜೊತೆಗೆ ಕಳಿಸಿ. ನಾನು ಮೇಲ್‌ನ ಮೊದಲ ಸಾಲಿನಲ್ಲಿ ಏನು ಬರೆಯುತ್ತೇನೆ ಎಂಬುದನ್ನು ಮಾತ್ರ ಹೇಳಲಾರೆ. ಅದರಿಂದ ಒಮ್ಮೆ 250 ಯೂರೋ ಇಳಿದಿದೆ.

ಒಟ್ಟು ಲೆಕ್ಕ ಹೀಗೆ. ಬಾಡಿಗೆ 3,000, ಕೊನೆಯ ಶುಚಿಗೆ 200 ಚಿಲ್ಲರೆ, ಊಟ ತಿಂಡಿ 600 ಆಸುಪಾಸು, ಕಾರುಗಳಿಗೆ ಪೆಟ್ರೋಲ್ ಸೇರಿ 650. ಹನ್ನೆರಡು ಜನಕ್ಕೆ ವಿಮಾನ ಬಿಟ್ಟು 4,500 ಹತ್ತಿರ. ಅದೇ ವಾರಕ್ಕೆ ಅಲ್ಲಿನ ಸಾಧಾರಣ ಹೋಟೆಲ್‌ನಲ್ಲಿ ಬೆಳಗಿನ ತಿಂಡಿ, ರಾತ್ರಿ ಊಟ ಸೇರಿ ವಿಚಾರಿಸಿದಾಗ 7,000 ದಾಟಿತ್ತು. ಅದರಲ್ಲಿ ಅತ್ತೆ ಮಾವ ತಿನ್ನಬಹುದಾದದ್ದು ಬ್ರೆಡ್ಡು, ಹಣ್ಣು ಮಾತ್ರ. ಮೂರನೇ ದಿನದ ಜಗಳ ಬರಲಿಲ್ಲ. ಹೊಸ ಜೋಡಿ ಮುಂದಿನ ವರ್ಷಕ್ಕೆ ಮೇಲಿನ ಕೋಣೆ ತಮಗೇ ಇರಲಿ ಎಂದು ಅಲ್ಲೇ ಹೇಳಿಬಿಟ್ಟರು.

ಹೊರಡುವ ದಿನ ಪ್ಲಾಸ್ಟಿಕ್ ಹಾಳೆ ಕಿತ್ತು, ಕಟ್ಟೆ ಒರೆಸಿ, ಪ್ರತಿ ಕೋಣೆಯ ವಿಡಿಯೋ ತೆಗೆಯಿರಿ. ಬಂದ ದಿನವೂ ತೆಗೆದಿರಬೇಕು. ಎಸಿಗೆ ಬೇರೆ ಮೀಟರ್ ಇದ್ದರೆ ಎರಡೂ ದಿನದ ಅಂಕಿಯ ಫೋಟೋ ಬೇಕು. ಕೀಲಿ ಕೊಡುವಾಗ ಏಜೆನ್ಸಿಯವರ ಜೊತೆ ಮನೆ ಸುತ್ತಿ, ಎಲ್ಲ ಸರಿಯಿದೆ ಎಂದು ಅವರ ಕೈಲೇ ಬರೆಸಿಕೊಳ್ಳಿ. ಶನಿವಾರ ಅವರಿಗೆ ಹತ್ತು ಮನೆಯ ಅವಸರ ಇರುತ್ತದೆ, "ಆಮೇಲೆ ನೋಡ್ತೀವಿ" ಎನ್ನುತ್ತಾರೆ. ಬಿಡಬೇಡಿ, ಹತ್ತು ನಿಮಿಷದ ಕೆಲಸ. ಕಳೆದ ಸಲ ನಮ್ಮ 600 ಯೂರೋ ಡೆಪಾಸಿಟ್ ಹತ್ತು ದಿನದೊಳಗೆ ಒಂದು ಸೆಂಟ್ ಕಡಿಮೆಯಿಲ್ಲದೆ ಖಾತೆಗೆ ಬಂತು.